ಸಮುದ್ರದೊಳಗಣ ಪ್ರವಾಹಗಳೂ ಅವುಗಳನ್ನು ಅಳೆಯುವ ಬಗೆಗಳೂ

ಮಳೆಗಾಲ ಮುಗಿದು ಚಳಿ ಮೊದಲಾಯಿತೆಂದರೆ ನಮ್ಮ ಹೈಸ್ಕೂಲಿನ ಮೇಲಿನ ತರಗತಿಗಳ ಬಾಲಿಕೆಯರು ಪ್ರವಾಸದ ಮಾತನ್ನೆತ್ತುವುದು ವಾಡಿಕೆ. ಬೇಲೂರು, ಶ್ರವಣಬೆಳಗೊಳಗಳ ಹೆಸರನ್ನು ಹೇಳಿದರೆ ಅವರ ಮುಖವು ಅಷ್ಟಾಗಿ ಅರಳದು. ಕಡಲು ಎಂದೊಡನೆ ತರಗತಿಗೆ ತರಗತಿಯೇ ಎದ್ದು ನಿಲ್ಲುವುದು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ತುಮಕೂರು ಸಮುದ್ರಮಟ್ಟಕ್ಕಿಂತ ಸುಮಾರು ೨,೭೦೦ ಅಡಿ ಎತ್ತರದಲ್ಲಿರುವುದು. ಹತ್ತಿರದ ಕಡಲತೀರವು ರಸ್ತೆಯಲ್ಲಿ ಹೋದರೆ ನೂರೈವತ್ತು ಮೈಲಿಗೂ ಮೇಲ್ಪಟ್ಟು ದೂರ. ಗುಬ್ಬಿ, ಕುಣಿಗಲ್ಲುಗಳ ಕಡೆಯಿಂದ ಬಂದು ನಮ್ಮಲ್ಲಿ ಓದುವ ಮಕ್ಕಳಲ್ಲಿ ಅನೇಕರು ಕಂಡಿರುವ ಅತ್ಯಂತ ದೊಡ್ಡ ನೀರೆಂದರೆ ಕುಣಿಗಲಿನ ದೊಡ್ಡಕೆರೆ, ಇಲ್ಲವೆ ಗುಬ್ಬಿ ಸೀಮೆಯ ಕಡಬದ ಕೆರೆ.

ಹಿಂದೊಮ್ಮೆ ಇಂಥ ಪ್ರವಾಸಕ್ಕಾಗಿ ತಂದೆತಾಯಿಗಳಿಗೆ ಒಪ್ಪಿಗೆಯ ಚೀಟಿಗಳನ್ನು ಕಳುಹಿಸಿದ್ದಾಗ, ಕುಣಿಗಲ್ ಕಡೆಯ ತಾಯಿಯೊಬ್ಬರು ತಾವೇ ಶಾಲೆಗೆ ಬಂದು, “ಅಮ್ಮಾ, ನಮ್ಮ ಹುಡುಗಿ ಕೆರೆಯಲ್ಲಿ ಈಜಬಲ್ಲಳು. ಮೊಳಕಾಲುದ್ದದ ನೀರಿನಲ್ಲಿ ನಿಂತರೆ ಅವಳಿಗೆ ಏನಾದೀತು? ನೀರಿಗೆ ಇಳಿಯಕೂಡದೆಂದು ಏತಕ್ಕೆ ಬರೆದಿದ್ದೀರಿ?” ಎಂದು ಕೇಳಿದರು. ಅದು ಅಪಾಯವೆಂದು ಮಾತ್ರ ಹೇಳಿ ಅವರನ್ನು ಕಳುಹಿಸಿಕೊಟ್ಟೆವು. ಏಕೆ ಅಪಾಯವೆಂಬುದನ್ನು ತಿಳಿಯಹೇಳಲು ನಮಗೇ ಬಾರದಾಗಿತ್ತು. ೨೦೨೪ನೆಯ ಇಸವಿಯ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾಪ್ರವಾಸಕ್ಕೆ ಹೋಗಿದ್ದ ನಾಲ್ವರು ಬಾಲಿಕೆಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಪ್ರಾಣಬಿಟ್ಟ ಸಮಾಚಾರವನ್ನು ಓದಿದ ದಿನ ಆ ತಾಯಿಯ ಪ್ರಶ್ನೆಯು ನಮಗೆ ಮತ್ತೆ ನೆನಪಾಯಿತು. ಅವರೂ ನಮ್ಮ ಮಕ್ಕಳಂತೆಯೇ ಕೆರೆಗಳ ಸೀಮೆಯವರು. ಬರಿಯ ನಿಷೇಧದಿಂದ ಮಕ್ಕಳು ಕಾಪಾಡಲ್ಪಡುವುದಿಲ್ಲ. ಕಾರಣವನ್ನು ತಿಳಿದವಳು ಮಾತ್ರ, ಉಪಾಧ್ಯಾಯಿನಿಯ ಕಣ್ಣು ತಪ್ಪಿದಾಗಲೂ ತನ್ನನ್ನು ತಾನು ಕಾಪಾಡಿಕೊಳ್ಳುವಳು. ಆದುದರಿಂದ ಆ ಉತ್ತರವನ್ನು ತಡವಾಗಿಯಾದರೂ ಈ ಸಂಚಿಕೆಯ ಮೂಲಕ ಕೊಡಲು ಪ್ರಯತ್ನಿಸುತ್ತೇವೆ. ಅದನ್ನು ಹುಡುಕುತ್ತ ಹೋದಂತೆ ಕಡಲಿನ ಹರಿವನ್ನು ಅಳೆಯುವ ವಿದ್ಯೆಯ ಬಹು ರಮ್ಯವಾದ ವೃತ್ತಾಂತವೂ ನಮಗೆ ದೊರೆಯಿತು. ಅದನ್ನೂ ಇಲ್ಲಿ ಸೇರಿಸಿರುತ್ತೇವೆ.

ಮೊದಲು ಅಲೆಗೂ ಪ್ರವಾಹಕ್ಕೂ ಇರುವ ಭೇದವನ್ನು ತಿಳಿಯಬೇಕು. ಕೆರೆಯಲ್ಲಿ ಒಂದು ಎಲೆ ತೇಲುತ್ತಿರುವಾಗ ಕಲ್ಲನ್ನೆಸೆದರೆ ಅಲೆಗಳು ದಡದವರೆಗೂ ಓಡುವುವು. ಎಲೆಯಾದರೋ ಇದ್ದಲ್ಲಿಯೇ ಏಳುತ್ತ ಬೀಳುತ್ತ ಇರುವುದು. ಅಲೆಯು ನೀರಿನ ಮೇಲೆ ಹೋಗುವುದೇ ಹೊರತು ನೀರನ್ನು ಹೊತ್ತುಕೊಂಡು ಹೋಗುವುದು ಅತ್ಯಲ್ಪ. ಪ್ರವಾಹವು ಹಾಗಲ್ಲ, ಅಲ್ಲಿ ನೀರೇ ಪ್ರಯಾಣಮಾಡುವುದು, ತನ್ನೊಳಗಿರುವ ಎಲ್ಲವನ್ನೂ ಒಯ್ಯುವುದು. ಕೆರೆಯಲ್ಲಿ ನಾವು ಪ್ರವಾಹವನ್ನು ಕಾಣುವುದು ಎರಡೇ ಕಡೆಗಳಲ್ಲಿ: ತೂಬಿನ ಬಾಯಿಯಲ್ಲಿ, ಮತ್ತು ಕೆರೆ ತುಂಬಿದ ವರ್ಷ ಕೋಡಿಯಲ್ಲಿ. ಈ ಎರಡು ಸ್ಥಳಗಳಿಗೂ ಮಕ್ಕಳನ್ನು ಬಿಡಬಾರದೆಂದು ನಮ್ಮ ಹಿರಿಯರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಕಡಲತೀರದಲ್ಲಿಯೂ ಕೋಡಿಗಳುಂಟು. ದಡದಿಂದ ಸ್ವಲ್ಪ ದೂರದಲ್ಲಿ ನೀರಿನ ಕೆಳಗೆ ಮರಳಿನ ದಿಬ್ಬಗಳು ಬದುವಿನಂತೆ ಬಿದ್ದುಕೊಂಡಿರುವುವು. ಅಲೆಗಳು ಆ ದಿಬ್ಬದ ಮೇಲೆ ಒಡೆದು, ಒಂದರ ಹಿಂದೊಂದು ನೀರನ್ನು ದಡದ ಕಡೆಗೆ ಸುರಿಯುತ್ತಲೇ ಇರುವುವು. ಹೀಗೆ ಶೇಖರವಾದ ನೀರು ಹಿಂದಿರುಗಲೇಬೇಕಷ್ಟೆ? ಅದು ದಿಬ್ಬದಲ್ಲಿ ಎಲ್ಲಿ ತಗ್ಗು ಇದೆಯೋ ಅಲ್ಲಿಗೆ ಎರಡು ಮಗ್ಗುಲುಗಳಿಂದಲೂ ಹರಿದುಬಂದು, ಆ ಇಕ್ಕಟ್ಟಾದ ಬಾಯಿಯಿಂದ ಕಡಲಿನ ಕಡೆಗೆ ರಭಸವಾಗಿ ನುಗ್ಗುವುದು. ಇದಕ್ಕೆ ‘ರಿಪ್’ ಪ್ರವಾಹವೆಂದು ಹೆಸರು. ನಾವು ಇದನ್ನು ಕಡಲ ಕೋಡಿಯೆಂದು ಕರೆದರೆ ನಮ್ಮ ಮಕ್ಕಳಿಗೆ ಬೇಗನೆ ತಿಳಿದೀತು. ಸಾಮಾನ್ಯವಾಗಿ ಇದರ ವೇಗವು ಕಾಲ್ನಡಿಗೆಗಿಂತ ಕಡಮೆಯಾಗಿದ್ದರೂ, ಕೆಲವು ವೇಳೆ ಸೆಕೆಂಡಿಗೆ ೨ ಮೀಟರುಗಳನ್ನು ಮೀರುವುದುಂಟು. ಅಂಥಾ ಹರಿವಿಗೆ ಎದುರಾಗಿ ಈಜಿ ಗೆಲ್ಲುವುದು ಪಳಗಿದ ಪಂದ್ಯಗಾರರಿಗೂ ಸಾಧ್ಯವಲ್ಲ.

ಇದರಲ್ಲಿ ಅತಿ ವಿಷಮವಾದ ಸಂಗತಿಯೊಂದಿದೆ. ತಗ್ಗಿರುವ ಜಾಗದಲ್ಲಿ ನೀರು ಆಳವಾದ್ದರಿಂದ ಅಲ್ಲಿ ಅಲೆಗಳು ಅಷ್ಟಾಗಿ ಒಡೆಯುವುದಿಲ್ಲ. ಎರಡು ಪಕ್ಕಗಳಲ್ಲಿಯೂ ಬಿಳಿನೊರೆ ಕುದಿಯುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಕಪ್ಪಗೆ, ಶಾಂತವಾಗಿ ತೋರುವುದು. ಕೆರೆಯನ್ನು ನೋಡಿ ಬೆಳೆದ ಕಣ್ಣಿಗೆ ನಿಂತ ನೀರೇ ಕ್ಷೇಮವಾದುದು. ಆದುದರಿಂದ ಬಯಲುಸೀಮೆಯ ಮಗುವು ಅಲೆಗಳಿಗೆ ಹೆದರಿ, ಆ ಶಾಂತವಾದ ಜಾಗವನ್ನೇ ಆರಿಸಿಕೊಳ್ಳುವುದು. ಅವಳು ಈಜು ಬಲ್ಲವಳಾದರೆ ಮತ್ತೊಂದು ತಪ್ಪು ಕಾದಿರುವುದು. ಕೆರೆಯಲ್ಲಿ ದಡಕ್ಕೆ ನೇರವಾಗಿ ಈಜುವುದೇ ಬುದ್ಧಿವಂತಿಕೆ. ಇಲ್ಲಿ ನೇರವಾದ ದಾರಿಯೇ ಪ್ರವಾಹಕ್ಕೆ ಎದುರಾದ ದಾರಿ. ದಡವು ಕಣ್ಣೆದುರಿಗೇ ಇರುತ್ತಿರಲು ಅವಳು ಎಷ್ಟು ಈಜಿದರೂ ಅದು ಸಮೀಪಿಸದು. ಕೈಕಾಲು ಸೋತು, ಧೈರ್ಯವೂ ಸೋಲುವುದು. ಇನ್ನು ಮೊಳಕಾಲುದ್ದದ ನೀರಿನ ಮಾತು: ಅಲೆ ಬಂದಾಗ ಆ ನೀರೇ ಸೊಂಟದುದ್ದವಾಗುವುದು, ಹಿಂದಿರುಗುವ ನೀರು ಹಿಮ್ಮಡಿಯ ಕೆಳಗಿನ ಮರಳನ್ನು ಸೆಳೆದುಕೊಳ್ಳುವುದು, ಒಂದು ಹೆಜ್ಜೆ ತಪ್ಪಿದರೆ ಮುಂದಿನದು ತಗ್ಗಿನಲ್ಲಿ ಬೀಳಬಹುದು. ಕುಣಿಗಲಿನ ಆ ತಾಯಿಗೆ ನಾವು ಹೇಳಬೇಕಾಗಿದ್ದ ಉತ್ತರವು ಇದು.

ಈ ಕಡಲ ಕೋಡಿಗಳು ಕೆಲವೇ ಗಜಗಳ ಅಗಲದವು. ಅಲೆಯ ಬಲ ಕುಗ್ಗಿದರೆ ಅಡಗುವುವು, ದಿಬ್ಬಗಳು ಸರಿದಂತೆ ಅವೂ ಸ್ಥಳ ಬದಲಾಯಿಸುವುವು. ಇವುಗಳಾಚೆಗೆ, ತೀರದುದ್ದಕ್ಕೂ ಹರಿಯುವ ಮಹಾ ಪ್ರವಾಹಗಳು ಬೇರೆ ಇವೆ. ನಮ್ಮ ಕರ್ನಾಟಕದ ಕರಾವಳಿಯ ಮುಂದೆ ಹಾದುಹೋಗುವ ಹರಿವಿಗೆ ಪಶ್ಚಿಮ ಭಾರತದ ಕರಾವಳಿ ಪ್ರವಾಹವೆಂದು ವಿಜ್ಞಾನಿಗಳು ಹೆಸರಿಟ್ಟಿದ್ದಾರೆ. ಭೂಮಿಯ ಮೇಲಿನ ನದಿಗಳು ಸಾಮಾನ್ಯವಾಗಿ ತಮ್ಮ ದಿಕ್ಕನ್ನು ಬದಲಿಸವು. ಈ ಕಡಲನದಿಯು ವರ್ಷಕ್ಕೆ ಎರಡು ಸಾರಿ ಬದಲಿಸುವುದು. ಮುಂಗಾರಿನ ತಿಂಗಳುಗಳಲ್ಲಿ ಇದು ಗೋವೆಯ ಕಡೆಯಿಂದ ಕೇರಳದ ಕಡೆಗೆ, ಎಂದರೆ ದಕ್ಷಿಣಾಭಿಮುಖವಾಗಿ ಹರಿಯುವುದು. ಆಗ ಕೆಳಗಣ ತಂಪಾದ ನೀರು ದಡದ ಬಳಿ ಮೇಲೆದ್ದು ಬರುವುದು; ಅದರಲ್ಲಿರುವ ಸಾರವನ್ನುಂಡು ಕಣ್ಣಿಗೆ ಕಾಣದ ಸಸ್ಯಗಳೂ, ಅವುಗಳನ್ನಾಧರಿಸಿ ಬೂತಾಯಿ ಬಂಗುಡೆಗಳೂ ಹೆಚ್ಚುವುವು. ನವೆಂಬರಿನ ವೇಳೆಗೆ ಪ್ರವಾಹವು ತಿರುಗಿಬಿದ್ದು ಉತ್ತರಕ್ಕೆ ಹೊರಡುವುದು. ಚಳಿಗಾಲದಲ್ಲಿ ಆ ತೀರದ ಗಾಳಿಯು ಉತ್ತರದ ಕಡೆಯಿಂದ ಬೀಸುತ್ತಿದ್ದರೂ ನೀರು ಗಾಳಿಗೆ ಎದುರಾಗಿಯೇ ನಡೆಯುವುದು! ಇದು ಹೇಗೆಂದು ವಿಜ್ಞಾನಿಗಳು ಬಹುಕಾಲ ವಿಚಾರಿಸಿ, ದೂರದ ಗಾಳಿಗಳ ಪ್ರಭಾವವೂ ಇದರಲ್ಲಿ ಸೇರಿದೆಯೆಂದು ಕಂಡುಕೊಂಡರು. ಬಂಗಾಳ ಕೊಲ್ಲಿಯಲ್ಲಿ ಬೀಸಿದ ಗಾಳಿಯ ಒತ್ತಡವು ಒಂದು ಬಗೆಯ ದೀರ್ಘವಾದ ಅಲೆಯಾಗಿ, ಕರಾವಳಿಯನ್ನು ಬಿಡದೆ ಹಿಡಿದು, ಸಿಂಹಳದ್ವೀಪವನ್ನು ಬಳಸಿ ನಮ್ಮ ಪಡುಗಡಲಿಗೂ ಬಂದು ಮುಟ್ಟುವುದು. ಕಡಲಿನಲ್ಲಿ ಒಂದೆಡೆಯ ಸಂಗತಿಗೆ ಕಾರಣವು ಸಾವಿರ ಮೈಲಿಗಳಾಚೆ ಇರಬಹುದು.

ಇಂಥಾ ಹರಿವುಗಳನ್ನು ಅಳೆಯುವುದೆಂತು? ಹಿಂದೆ ನಾವಿಕರು ತಮ್ಮ ಹಡಗು ಹೋಗಬೇಕಾಗಿದ್ದ ಸ್ಥಳಕ್ಕೂ ನಿಜವಾಗಿ ಹೋಗಿ ಮುಟ್ಟಿದ ಸ್ಥಳಕ್ಕೂ ಇರುವ ಅಂತರವನ್ನು ಗುರುತುಹಾಕಿಕೊಳ್ಳುತ್ತಿದ್ದರು. ಚೀಟಿಯನ್ನಿಟ್ಟು ಬಾಯಿಮುಚ್ಚಿದ ಸೀಸೆಗಳನ್ನು ತೇಲಿಬಿಡುತ್ತಿದ್ದರು. ಈಗಿನ ವಿಧಾನಗಳಲ್ಲಿ ಮೂರನ್ನು ಮಾತ್ರ ಇಲ್ಲಿ ವಿವರಿಸುತ್ತೇವೆ.

ಮೊದಲನೆಯದು ಶಬ್ದದಿಂದ ಅಳೆಯುವುದು. ಗುಬ್ಬಿಯ ರೈಲುನಿಲ್ದಾಣದಲ್ಲಿ ನಿಂತವರೆಲ್ಲರೂ ಒಂದು ವಿಷಯವನ್ನು ಕಿವಿಯಾರ ಬಲ್ಲರು. ನಿಲ್ಲದೆ ಓಡುವ ರೈಲು ಕೂಗುತ್ತ ಸಮೀಪಿಸುವಾಗ ಅದರ ದನಿ ಏರಿರುವುದು. ನಮ್ಮನ್ನು ದಾಟಿದೊಡನೆ ದನಿ ಇಳಿಯುವುದು. ದನಿಯಲ್ಲಾಗುವ ಈ ವ್ಯತ್ಯಾಸದಿಂದ ರೈಲಿನ ವೇಗವನ್ನೇ ಲೆಕ್ಕಹಾಕಬಹುದು. ಇದನ್ನು ಡಾಪ್ಲರನ ನಿಯಮವೆನ್ನುವರು. ನೀರಿನೊಳಗೆ ಒಂದು ಯಂತ್ರವನ್ನಿಟ್ಟು ಅದರಿಂದ ಸೂಕ್ಷ್ಮವಾದ ಶಬ್ದವನ್ನು ಹೊರಡಿಸಿದರೆ, ಹರಿವಿನೊಡನೆ ತೇಲುವ ಅತಿ ಸಣ್ಣ ಜೀವಿಗಳಿಗೆ ಅದು ತಾಕಿ ಹಿಂದಿರುಗುವುದು. ಹಿಂದಿರುಗಿದ ದನಿಯು ಏರಿದೆಯೋ ಇಳಿದಿದೆಯೋ ನೋಡಿ, ಆ ಜೀವಿಗಳನ್ನು ಹೊತ್ತ ನೀರಿನ ವೇಗವನ್ನು ತಿಳಿಯುವರು. ೧೯೬೬ನೆಯ ಜನವರಿ ೧ರಂದು ಸ್ಥಾಪಿತವಾದ, ಗೋವೆಯಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಇಂಥ ಯಂತ್ರಗಳನ್ನು ಮುಂಬಯಿ, ಗೋವೆ, ಕೊಲ್ಲಂ, ಕನ್ಯಾಕುಮಾರಿಗಳ ನೇರದಲ್ಲಿಯೂ, ಅನಂತರ ನಮ್ಮ ಉಡುಪಿಯ ನೇರದಲ್ಲಿಯೂ ಆಳವಾದ ಕಡಲಿನಲ್ಲಿ ಲಂಗರುಹಾಕಿ ನಿಲ್ಲಿಸಿದ್ದಾರೆ. ಮೇಲಿನಿಂದ ನೋಡಿದರೆ ಏನೂ ಕಾಣದು. ಹಡಗು ಹೋಗಿ ಶಬ್ದದಿಂದಲೇ ಅಪ್ಪಣೆ ಕೊಟ್ಟರೆ, ಕೆಳಗಿನ ಕೊಂಡಿ ಕಳಚಿ, ಯಂತ್ರವು ತಾನು ಬರೆದಿಟ್ಟುಕೊಂಡ ಲೆಕ್ಕದೊಡನೆ ಮೇಲಕ್ಕೆದ್ದು ಬರುವುದು.

ಎರಡನೆಯದು ರಾಡಾರು. ಇದು ದಡದ ಮೇಲೆಯೇ ನಿಂತು ಬಹು ದೂರದ ಕಡಲನ್ನು ನೋಡುವ ಉಪಾಯ. ನ್ಯೂಜಿಲೆಂಡಿನ ಕ್ರಾಂಬಿ ಎಂಬ ವಿಜ್ಞಾನಿಯು ೧೯೫೫ರಲ್ಲಿ ಕಡಲಿನಿಂದ ಹಿಂದಿರುಗಿದ ರೇಡಿಯೋ ತರಂಗಗಳನ್ನು ಪರೀಕ್ಷಿಸಿ ಒಂದು ಸೋಜಿಗವನ್ನು ಪ್ರಕಟಿಸಿದನು. ಕಡಲಿನ ಮೇಲೆ ಚಿಕ್ಕವೂ ದೊಡ್ಡವೂ ಆದ ಅಲೆಗಳು ಅಸಂಖ್ಯವಾಗಿದ್ದರೂ, ರೇಡಿಯೋ ತರಂಗದ ಉದ್ದದಲ್ಲಿ ಸರಿಯಾಗಿ ಅರ್ಧ ಉದ್ದವಿರುವ ಅಲೆಗಳು ಮಾತ್ರ ಅದಕ್ಕೆ ಬಲವಾಗಿ ಮಾರ್ದನಿಗೊಡುವುವು. ಆ ಉದ್ದದ ಅಲೆಯು ನಿಂತ ನೀರಿನ ಮೇಲೆ ಎಷ್ಟು ವೇಗವಾಗಿ ಓಡಬೇಕೆಂಬುದು ಗಣಿತದಿಂದ ಮೊದಲೇ ಗೊತ್ತು. ನಮ್ಮ ದೇಶದ ದೂರದರ್ಶಿಯಾದ ರಾಡಾರುಗಳು ಬಳಸುವ ತರಂಗವು ಸುಮಾರು ೪.೪ ಮೆಗಾಹರ್ಟ್ಸಿನದು, ಅದರ ಉದ್ದ ಸುಮಾರು ೬೮ ಮೀಟರು. ಉತ್ತರಕೊಡುವ ಅಲೆಯ ಉದ್ದ ೩೪ ಮೀಟರು. ಅದರ ಸಹಜವೇಗ ಸೆಕೆಂಡಿಗೆ ಸುಮಾರು ೭.೩ ಮೀಟರು. ರಾಡಾರಿನ ಲೆಕ್ಕದಲ್ಲಿ ಆ ಅಲೆಯು ೭.೮ ಮೀಟರು ವೇಗದಿಂದ ದಡಕ್ಕೆ ಬರುತ್ತಿದೆಯೆಂದು ಕಂಡರೆ, ಹೆಚ್ಚಾದ ಅರ್ಧ ಮೀಟರು ಎಲ್ಲಿಂದ ಬಂತು? ಅಲೆಯನ್ನು ಹೊತ್ತ ನೀರೇ ಸೆಕೆಂಡಿಗೆ ಅರ್ಧ ಮೀಟರಿನಂತೆ ದಡದ ಕಡೆಗೆ ಚಲಿಸುತ್ತಿದೆಯೆಂದು ತಿಳಿಯತಕ್ಕದ್ದು.

ಆದರೆ ಒಂದೇ ರಾಡಾರು ಸಾಲದು. ಶಾಲೆಯ ಬಯಲಿನ ಒಂದು ಮೂಲೆಯಲ್ಲಿ ಕಣ್ಣುಕಟ್ಟಿ ನಿಲ್ಲಿಸಿದ ಹುಡುಗಿಯು ಕೂಗುತ್ತ ಓಡುವ ತನ್ನ ಗೆಳತಿಯು ಸಮೀಪಿಸುತ್ತಿದ್ದಾಳೆಯೋ ದೂರವಾಗುತ್ತಿದ್ದಾಳೆಯೋ ಹೇಳಬಲ್ಲಳು. ಎಡದಿಂದ ಬಲಕ್ಕೆ ಅಡ್ಡಲಾಗಿ ಓಡಿದ ವೇಗವನ್ನು ಹೇಳಲಾರಳು. ಇನ್ನೊಂದು ಮೂಲೆಯಲ್ಲಿ ಮತ್ತೊಬ್ಬಳನ್ನು ನಿಲ್ಲಿಸಿ, ಇಬ್ಬರ ಮಾತನ್ನೂ ಕೂಡಿಸಿದರೆ ಓಟದ ದಿಕ್ಕೂ ವೇಗವೂ ಪೂರ್ಣವಾಗಿ ತಿಳಿಯುವುವು. ಆದಕಾರಣ ರಾಡಾರುಗಳನ್ನು ಜೋಡಿಜೋಡಿಯಾಗಿ ನಿಲ್ಲಿಸುವರು. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮೊದಲು ಹೀಗೆ ಸ್ಥಾಪಿಸಿದ ಐದು ಜೋಡಿಗಳು ಗುಜರಾತ್, ತಮಿಳುನಾಡು, ಆಂಧ್ರ, ಒಡಿಶಾ, ಅಂಡಮಾನ್ ತೀರಗಳಲ್ಲಿವೆ. ಇವು ಸುಮಾರು ೨೦೦ ಕಿಲೋಮೀಟರು ದೂರದವರೆಗಿನ ಮೇಲ್ನೀರಿನ ಹರಿವನ್ನು ತೋರಿಸಬಲ್ಲವು. ಆ ಐದರಲ್ಲಿ ಕರ್ನಾಟಕದ ತೀರದ್ದು ಒಂದೂ ಇಲ್ಲವೆಂಬುದು ಗಮನಿಸತಕ್ಕ ಮಾತು. ಕಡಲಿನ ನೀರು ಉಪ್ಪಾಗಿರುವುದರಿಂದಲೇ ಈ ತರಂಗಗಳು ಅದರ ಮೈಯನ್ನು ಅಪ್ಪಿಕೊಂಡು, ಕಣ್ಣಿಗೆ ಕಾಣುವ ದಿಗಂತವನ್ನೂ ದಾಟಿ ಹೋಗುವುವು; ನಮ್ಮ ಕೆರೆಗಳ ಸಿಹಿನೀರಿನ ಮೇಲೆ ಈ ವಿದ್ಯೆಯು ಹೀಗೆ ನಡೆಯದು. ಮತ್ತು ರಾಡಾರು ಒಂದೊಂದು ಸಲಕ್ಕೆ ಹಲವು ಕಿಲೋಮೀಟರುಗಳ ಚೌಕವನ್ನು ಒಟ್ಟಾಗಿ ನೋಡುವುದರಿಂದ, ಮೇಲೆ ಹೇಳಿದ ಸಣ್ಣ ಕಡಲ ಕೋಡಿಗಳು ಅದರ ಕಣ್ಣಿಗೆ ಬೀಳವು. ಅವುಗಳನ್ನು ನೋಡಲು ದಡದಲ್ಲಿ ನಿಂತ ಮನುಷ್ಯನ ಎಚ್ಚರವೇ ಬೇಕು. ಎಂಥಾ ದೊಡ್ಡ ಯಂತ್ರವಿದ್ದರೂ ಮಗುವಿನ ಕೈಹಿಡಿದ ತಾಯಿಯ ಕೆಲಸವು ಉಳಿದೇ ಇರುವುದು.

ಮೂರನೆಯದು ನೀರೊಳಗೆ ತಾವಾಗಿ ಸಂಚರಿಸುವ ಯಂತ್ರಗಳು, ಎಂದರೆ ರೋಬೋಟುಗಳು. ಗೋವೆಯ ಸಂಸ್ಥೆಯವರು ನಿರ್ಮಿಸಿದ ‘ಮಾಯಾ’ ಎಂಬುದು ಎರಡು ಮೀಟರಿಗಿಂತಲೂ ಗಿಡ್ಡವಾದ, ಉರುಟಾದ ಮೀನಿನಂಥ ಯಂತ್ರ. ಇದನ್ನು ಕೇರಳದ ಇಡುಕ್ಕಿ ಜಲಾಶಯದಲ್ಲಿಯೂ ಇಳಿಸಿ ಪರೀಕ್ಷಿಸಿದ್ದಾರೆ. ಇನ್ನೊಂದು ಬಗೆಯದಕ್ಕೆ ‘ಗ್ಲೈಡರ್’ ಎಂದು ಹೆಸರು. ಇದಕ್ಕೆ ತಿರುಗುವ ರೆಕ್ಕೆಯ ಚಕ್ರವಿಲ್ಲ. ಅದರ ಹೊಟ್ಟೆಯಲ್ಲಿ ಎಣ್ಣೆ ತುಂಬಿದ ಚೀಲವೊಂದಿರುವುದು. ಎಣ್ಣೆಯನ್ನು ಒಳಕ್ಕೆ ಸೆಳೆದುಕೊಂಡರೆ ಯಂತ್ರದ ಗಾತ್ರ ಕುಗ್ಗಿ ಅದು ಮುಳುಗುವುದು. ಹೊರಚೀಲಕ್ಕೆ ತಳ್ಳಿದರೆ ಗಾತ್ರ ಹಿಗ್ಗಿ ತೇಲುವುದು. ಪಕ್ಕಗಳಲ್ಲಿರುವ ಎರಡು ರೆಕ್ಕೆಗಳು ಈ ಏರಿಳಿತವನ್ನೇ ಮುನ್ನಡೆಯನ್ನಾಗಿ ಮಾರ್ಪಡಿಸುವುವು. ಸಾವಿರ ಮೀಟರು ಆಳಕ್ಕೆ ಇಳಿದು ಏರುತ್ತ, ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರುಗಳಂತೆ, ತಿಂಗಳುಗಟ್ಟಲೆ ಇದು ಸಂಚರಿಸಬಲ್ಲುದು. ಮೇಲಕ್ಕೆ ಬಂದಾಗಲೆಲ್ಲ ತಾನು ಕಂಡ ಶಾಖ, ಉಪ್ಪು ಮೊದಲಾದವುಗಳ ಲೆಕ್ಕವನ್ನು ಉಪಗ್ರಹಕ್ಕೆ ಒಪ್ಪಿಸುವುದು.

ಇದು ಪ್ರವಾಹವನ್ನು ಅಳೆಯುವ ಬಗೆಯು ಬಹು ಸರಳ. ಹರಿಯುವ ಹೊಳೆಯನ್ನು ದಾಟುವಾತನು ಎದುರುದಡದ ಗುಡಿಗೆ ಗುರಿಯಿಟ್ಟು ಈಜಿದರೆ, ಕೊನೆಗೆ ಹೋಗಿ ಸೇರುವುದು ಗುಡಿಯ ಕೆಳಗಣ ಆಲದಮರವನ್ನು. ಗುಡಿಗೂ ಆಲದಮರಕ್ಕೂ ಇರುವ ದೂರವೇ ಹೊಳೆಯ ಬಲದ ಅಳತೆ. ಗ್ಲೈಡರು ಮುಳುಗುವ ಮುಂಚೆ ತಾನು ಎಲ್ಲಿ ಏಳಬೇಕೆಂದು ಎಣಿಸಿಕೊಂಡು, ಎದ್ದ ಮೇಲೆ ಉಪಗ್ರಹದ ಸಹಾಯದಿಂದ ತಾನು ಎಲ್ಲಿರುವೆನೆಂದು ನೋಡಿಕೊಳ್ಳುವುದು. ದಾರಿ ತಪ್ಪಿದಷ್ಟೇ ಪ್ರವಾಹ! ೨೦೦೯ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದವರು ಕಳುಹಿಸಿದ ಇಂಥ ಯಂತ್ರವೊಂದು ನ್ಯೂಜೆರ್ಸಿಯಿಂದ ಹೊರಟು ೨೨೧ ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಸ್ಪೇನನ್ನು ಮುಟ್ಟಿತು. ಅದನ್ನು ನಡೆಸಿದವರಲ್ಲಿ ವಿದ್ಯಾರ್ಥಿ ವಿದ್ಯಾರ್ಥಿನಿಯರೂ ಇದ್ದರು. ಅದಕ್ಕೆ ಹಿಂದಿನ ವರ್ಷ ಕಳುಹಿಸಿದ್ದ ಮತ್ತೊಂದು ಸಾಗರದಲ್ಲಿಯೇ ಕಳೆದುಹೋಗಿತ್ತು. ಅವರು ಅದರಿಂದ ಧೈರ್ಯಗೆಡಲಿಲ್ಲವೆಂಬುದನ್ನು, ಪರೀಕ್ಷೆಯಲ್ಲಿ ಒಮ್ಮೆ ತಪ್ಪಿದೊಡನೆ ಪುಸ್ತಕವನ್ನು ಮುಚ್ಚಿಡುವ ನಮ್ಮ ಕೆಲವು ಬಾಲಿಕೆಯರು ಮನಸ್ಸಿನಲ್ಲಿಡಬೇಕು.

ಇದೆಲ್ಲವೂ ಕಡಲತೀರದವರ ಮಾತಾಯಿತು, ನಮ್ಮ ಗುಬ್ಬಿ ಕುಣಿಗಲ್ಲುಗಳಿಗೆ ಇದರಿಂದೇನೆಂದು ಕೆಲವರು ಕೇಳಬಹುದು. ನಮ್ಮ ದೇವರಾಯನದುರ್ಗದ ಬೆಟ್ಟದ ಮೇಲೆ ಬಿದ್ದ ಒಂದು ಮಳೆಹನಿಯನ್ನು ನೆನೆಯೋಣ. ಅದು ಶಿಂಷೆಯಾಗಿ ಗುಬ್ಬಿ ಸೀಮೆಗಿಳಿದು, ಕಡಬದ ಕೆರೆಯಲ್ಲಿ ತಂಗಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಅಣೆಕಟ್ಟನ್ನು ಕಂಡು, ಕಾವೇರಿಯನ್ನು ಕೂಡಿ, ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುವುದು. ಅಲ್ಲಿಂದ ಉತ್ತರಕ್ಕೆ ಬಹು ದೂರವಲ್ಲದ ಕಡಲೂರಿನಲ್ಲಿಯೇ ಮೇಲೆ ಹೇಳಿದ ರಾಡಾರುಗಳಲ್ಲೊಂದು ನಿಂತಿದೆ. ಹೀಗೆ ನಮ್ಮೂರಿನ ನೀರು ಮೂಡಣ ಕಡಲಿಗೆ ಹೋಗುವುದು. ಮುಂಗಾರಿನ ಮೋಡವಾದರೋ ಪಡುವಣ ಕಡಲನ್ನು ದಾಟಿ ನಮ್ಮಲ್ಲಿಗೆ ಬರುವುದು. ಎರಡು ಕಡಲುಗಳಿಗೂ ನಾವು ಸಾಲಗಾರರೇ.

ಈ ಎರಡು ಕಡಲುಗಳ ನಡುವೆಯೂ ಕೊಡುಕೊಳುವ ವ್ಯವಹಾರವುಂಟು. ಗಂಗೆ, ಬ್ರಹ್ಮಪುತ್ರೆ, ಗೋದಾವರಿ ಮೊದಲಾದ ಮಹಾನದಿಗಳ ಸಿಹಿನೀರು ಬಂದು ಸೇರುವುದರಿಂದ ಬಂಗಾಳ ಕೊಲ್ಲಿಯ ಮೇಲ್ನೀರು ಹಗುರವಾಗಿ, ಕೆಳಗಿನ ಉಪ್ಪುನೀರಿನೊಡನೆ ಸುಲಭವಾಗಿ ಬೆರೆಯದೆ, ತೆಳುವಾದ ಪದರವಾಗಿ ನಿಂತು ಬೇಗನೆ ಕಾಯುವುದು. ಆ ಶಾಖವು ಮುಂಗಾರಿನ ಮೋಡಗಳಿಗೆ ಬಲಕೊಡುವುದು. ಅದೇ ಕಾಲಕ್ಕೆ ಅರಬ್ಬೀ ಸಮುದ್ರದ ಹೆಚ್ಚು ಉಪ್ಪಾದ ನೀರು ಸಿಂಹಳದ ದಕ್ಷಿಣವನ್ನು ಬಳಸಿ ಕೊಲ್ಲಿಯೊಳಗೆ ನುಗ್ಗುವುದು. ೨೦೧೬ನೆಯ ಜೂನ್ ಜುಲೈ ತಿಂಗಳುಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಪಿ. ಎನ್. ವಿನಯಚಂದ್ರನ್ ಅವರೂ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದವರೂ ಇತರರೂ ಕೂಡಿ, ‘ಸಿಂಧು ಸಾಧನಾ’ ಎಂಬ ಹಡಗಿನಲ್ಲಿ ಹೋಗಿ, ಆ ಕೊಲ್ಲಿಯ ದಕ್ಷಿಣಭಾಗದಲ್ಲಿ ಗ್ಲೈಡರುಗಳನ್ನು ಇಳಿಸಿ ಈ ಪ್ರವಾಹವನ್ನು ಪರೀಕ್ಷಿಸಿದರು. ಕಡಲಿಲ್ಲದ ಬೆಂಗಳೂರಿನಲ್ಲಿ ಕುಳಿತು ಕಡಲನ್ನು ಓದುವವರಿದ್ದಾರೆಂದ ಮೇಲೆ, ತುಮಕೂರಿನ ಬಾಲಿಕೆಗೆ ಈ ವಿದ್ಯೆಯು ಎಟುಕದೆನ್ನಲು ಕಾರಣವಿಲ್ಲ. ಮುಂಗಾರಿನ ಮುನ್ಸೂಚನೆಯನ್ನು ಉತ್ತಮಗೊಳಿಸುವುದು ಈ ಪರಿಶ್ರಮದ ಉದ್ದೇಶಗಳಲ್ಲೊಂದು. ರಾಗಿಯನ್ನು ಯಾವಾಗ ಬಿತ್ತಬೇಕೆಂದು ಆಕಾಶವನ್ನು ನೋಡುವ ನಮ್ಮ ಪೋಷಕರಿಗೆ ಅದು ಹೊರಗಿನ ವಿಷಯವಲ್ಲ.

ಕಡಲಿನ ಹರಿವನ್ನು ತಿಳಿಯುವುದು ಪ್ರಾಣರಕ್ಷಣೆಗೂ ಬೇಕು. ೨೦೧೮ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿ ಮೀನುಗಾರರೊಡನೆ ಹೊರಟ ‘ಸುವರ್ಣ ತ್ರಿಭುಜ’ವೆಂಬ ದೋಣಿಯು ಕಾಣದೆಹೋಗಿ, ೨೦೧೯ರ ಮೇ ತಿಂಗಳಲ್ಲಿ ಅದರ ಅವಶೇಷವು ಮಹಾರಾಷ್ಟ್ರದ ಮಾಲ್ವಣದ ಸಮೀಪದ ಕಡಲಿನ ತಳದಲ್ಲಿ ಸಿಕ್ಕಿತು. ಆ ನಾಲ್ಕೂವರೆ ತಿಂಗಳು ಆ ಏಳು ಮನೆಗಳವರು ಕಡಲನ್ನು ನೋಡುತ್ತ ಕುಳಿತಿದ್ದುದನ್ನು ನೆನೆದರೆ ಹೃದಯವು ಕರಗುವುದು. ಕಳೆದುಹೋದವರನ್ನು ಹುಡುಕುವಾಗ, ತೇಲುವ ವಸ್ತುವು ಯಾವ ಕಡೆಗೆ ಹೋಗಿರಬಹುದೆಂದು ಊಹಿಸಲು ಪ್ರವಾಹದ ಲೆಕ್ಕವೇ ಆಧಾರ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದವರು ಅಂಥಾ ಹುಡುಕಾಟಕ್ಕೆ ನೆರವಾಗುವ ಸಾಧನವನ್ನು ೨೦೧೬ರಿಂದ ಒದಗಿಸಿದ್ದಾರೆ. ೨೦೨೫ರ ಮೇ ೨೫ರಂದು ಕೇರಳದ ಕಡಲಿನಲ್ಲಿ ‘ಎಂ.ಎಸ್.ಸಿ. ಎಲ್ಸಾ ೩’ ಎಂಬ ಸರಕುಹಡಗು ಮುಳುಗಿದಾಗ, ಅದರ ಪೆಟ್ಟಿಗೆಗಳು ಕೊಚ್ಚಿಗೆ ದಕ್ಷಿಣದಲ್ಲಿರುವ ಆಲಪ್ಪುಳ, ಕೊಲ್ಲಂ ತೀರಗಳಿಗೆ ಬಂದು ಬಿದ್ದವು. ಮುಂಗಾರಿನ ಕಾಲಕ್ಕೆ ಆ ಕಡಲಿನ ನೀರು ದಕ್ಷಿಣಾಭಿಮುಖವೆಂದು ಮೇಲೆ ಹೇಳಿದುದಕ್ಕೆ ಇದು ಹೊಂದಿಕೊಳ್ಳುವುದು.

ಹೈದರಾಬಾದಿನ ಅದೇ ಕೇಂದ್ರದವರು ಎತ್ತರದ ಅಲೆಗಳ ವಿಷಯವಾಗಿಯೂ, ‘ಕಳ್ಳಕ್ಕಡಲ್’ ಎಂದು ಮಲೆಯಾಳಿಗಳು ಕರೆಯುವ ಉಬ್ಬರದ ವಿಷಯವಾಗಿಯೂ ಎಚ್ಚರಿಕೆಗಳನ್ನು ಪ್ರಕಟಿಸುವರು. ಈ ಹೆಸರು ಕನ್ನಡಿಗರಿಗೂ ಅರ್ಥವಾಗುವಂಥದು. ದಕ್ಷಿಣದ ಮಹಾಸಾಗರದಲ್ಲಿ ಎಲ್ಲಿಯೋ ಎದ್ದ ಬಿರುಗಾಳಿಯ ಅಲೆಗಳು ಹಲವು ದಿನ ಪ್ರಯಾಣಮಾಡಿ, ಇಲ್ಲಿ ಗಾಳಿಯಿಲ್ಲದೆ ಆಕಾಶ ತಿಳಿಯಾಗಿರುವ ದಿನವೇ ಕಳ್ಳನಂತೆ ಬಂದು ದಡದ ಮೇಲೆ ನುಗ್ಗುವುವು. ಪ್ರವಾಸಕ್ಕೆ ಹೊರಡುವ ದಿನ ಆ ಪ್ರಕಟಣೆಯನ್ನು ನೋಡಿಕೊಳ್ಳುವುದು ಸಂಗಡ ಹೋಗುವ ಉಪಾಧ್ಯಾಯಿನಿಯ ಮೊದಲನೆಯ ಕರ್ತವ್ಯವೆಂದು ನಾವು ನಿಶ್ಚಯಿಸಿದ್ದೇವೆ.

ತಂದೆತಾಯಿಗಳು ತಮ್ಮ ಮಕ್ಕಳಿಗೆ ಮನೆಯಲ್ಲಿಯೇ ಕಲಿಸಬೇಕಾದ ಮಾತುಗಳು ಇವಿಷ್ಟು. ಕಾವಲುಗಾರರಿಲ್ಲದ ತೀರದಲ್ಲಿ ನೀರಿಗೆ ಇಳಿಯಕೂಡದು. ಕಡಲಿಗೆ ಬೆನ್ನುಕೊಟ್ಟು ಚಿತ್ರ ತೆಗೆಸಿಕೊಳ್ಳಕೂಡದು. ನೊರೆಯ ನಡುವೆ ಶಾಂತವಾಗಿ ಕಾಣುವ ಕಪ್ಪು ಪಟ್ಟಿಯನ್ನು ಕೋಡಿಯೆಂದು ತಿಳಿದು ದೂರವಿರಬೇಕು. ಅಕಸ್ಮಾತ್ತಾಗಿ ಪ್ರವಾಹವು ಸೆಳೆದರೆ, ಅದು ಸಾಮಾನ್ಯವಾಗಿ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುವುದಷ್ಟೆ ಎಂಬುದನ್ನು ನೆನೆದು, ಅದರೊಡನೆ ಹೋರಾಡದೆ ತೇಲಿಕೊಂಡು ಕೈಯೆತ್ತಿ ಸಹಾಯಕ್ಕೆ ಕೂಗಬೇಕು. ಈಜಬಲ್ಲವಳಾದರೆ ದಡಕ್ಕೆ ನೇರವಾಗಿ ಈಜದೆ, ದಡದುದ್ದಕ್ಕೆ ಪಕ್ಕಕ್ಕೆ ಈಜಿ, ಅಲೆಗಳು ಒಡೆಯುವ ಕಡೆಯಿಂದ ಹಿಂದಿರುಗಬೇಕು. ಗೆಳತಿಯು ಸಿಕ್ಕಿಕೊಂಡಳೆಂದು ತಾನೂ ನೀರಿಗೆ ಹಾರಕೂಡದು. ತೇಲುವ ವಸ್ತುವೇನಾದರೂ ಇದ್ದರೆ ಎಸೆದು, ಕಾವಲುಗಾರರನ್ನು ಕೂಗಬೇಕು. ಒಬ್ಬಳನ್ನು ಉಳಿಸಹೋಗಿ ಹಲವರು ಮುಳುಗುವುದು ಸ್ನೇಹದಿಂದಲೇ ಆಗುವ ಅನಾಹುತ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಬಿನ್ನಹವಿದೆ. ನಿಮ್ಮಲ್ಲಿ ಮದುವೆಯಾಗಿಯೋ ಉದ್ಯೋಗದಿಂದಲೋ ಕರಾವಳಿಯಲ್ಲಿ ನೆಲೆಸಿರುವವರು, ಶಾಲೆಗೆ ಬಂದಾಗ ನಿಮ್ಮ ಕಡಲಿನ ವಿಷಯವನ್ನು ನಮ್ಮ ಮಕ್ಕಳಿಗೆ ಹೇಳಿರಿ. ಗಣಿತವೂ ಭೌತಶಾಸ್ತ್ರವೂ ಹೆಣ್ಣುಮಕ್ಕಳಿಗೆ ಕಠಿನವೆಂದು ಈಗಲೂ ಹೇಳುವವರಿದ್ದಾರೆ. ಅಂಥವರಿಗೆ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿ, ಅನಂತರ ದೇಶದ ಹವಾಮಾನ ಇಲಾಖೆಯ ಅಳತೆಯ ಯಂತ್ರಗಳನ್ನು ಇಲ್ಲಿಯೇ ತಯಾರಿಸುವಂತೆ ಮಾಡಿದ ಅಣ್ಣಾ ಮಣಿಯವರ ಹೆಸರನ್ನೂ, ಗೋವೆಯ ಸಮುದ್ರವಿಜ್ಞಾನ ಸಂಸ್ಥೆಯಿಂದ ೧೯೮೩ರಲ್ಲಿ ಅಂಟಾರ್ಕ್ಟಿಕಕ್ಕೆ ಹೊರಟ ಅದಿತಿ ಪಂತರ ಹೆಸರನ್ನೂ ಹೇಳಿರಿ.

ಸಮುದ್ರದಲ್ಲಿ ದಾರಿಗಳುಂಟೆಂದು ಕೀರ್ತನೆಗಾರನು ಬಹು ಪೂರ್ವದಲ್ಲಿಯೇ ಹಾಡಿದುದನ್ನು ನಮ್ಮ ಪ್ರಾರ್ಥನಾಮಂದಿರದಲ್ಲಿ ಕುಳಿತವರೆಲ್ಲರೂ ಬಲ್ಲರು. ಆ ದಾರಿಗಳು ಎಲ್ಲಿಂದ ಎಲ್ಲಿಗೆ, ಎಷ್ಟು ವೇಗದಿಂದ ಸಾಗುವುವೆಂದು ತಿಳಿಯುವ ಬುದ್ಧಿಯನ್ನೂ ಆತನೇ ಮನುಷ್ಯರಿಗೆ ದಯಪಾಲಿಸಿದ್ದಾನೆ. ಈ ವರ್ಷದ ಪ್ರವಾಸದ ಚೀಟಿಯೊಡನೆ ಈ ಲೇಖನದ ಪ್ರತಿಯನ್ನೂ ಪ್ರತಿಯೊಂದು ಮನೆಗೂ ಕಳುಹಿಸುತ್ತೇವೆ. ಅದನ್ನು ಮಗಳೊಡನೆ ಕುಳಿತು ಓದಿ, ಅನಂತರ ರುಜುಮಾಡಬೇಕೆಂದು ಪೋಷಕರನ್ನು ವಿನಯದಿಂದ ಪ್ರಾರ್ಥಿಸುತ್ತೇವೆ. ನಮ್ಮ ಮಕ್ಕಳು ಕಡಲನ್ನು ಕಣ್ತುಂಬ ನೋಡಲಿ. ಹೋದಷ್ಟು ಮಂದಿಯೂ ಕ್ಷೇಮವಾಗಿ ಮನೆಗೆ ಹಿಂದಿರುಗಲಿ.